ಊರೂರಿನ ನಾರ್ವೇಜಿಯನ್ ಕೇಳಿಸುವ ನಾರ್ಡಿಕ್ ಡಯಲೆಕ್ಟ್ ಕಾರ್ಪಸ್

ನಾರ್ವೇಜಿಯನ್ ಕಲಿಯಲು ಹೊರಟವರಿಗೆ ಪಠ್ಯಪುಸ್ತಕವು ‘ನಾನು’ ಎನ್ನಲು ‘ಯಾಯ್’ ಎಂಬ ಒಂದೇ ಪದವನ್ನು ಹೇಳಿಕೊಡುತ್ತದೆ. ಟ್ರೊಂಡ್‌ಹೈಮ್‌ನಲ್ಲಿ ಇಳಿದರೆ ಜನ ‘ಆ್ಯ’ ಎನ್ನುತ್ತಾರೆ, ಬರ್ಗನ್‌ನಲ್ಲಿ ‘ಎಗ್’ ಎನ್ನುತ್ತಾರೆ. ಆ ದೇಶದಲ್ಲಿ ಬರವಣಿಗೆಗೆ ಬೂಕ್ಮೋಲ್, ನ್ಯೂನೊಶ್ಕ್ ಎಂಬ ಎರಡು ರೂಪಗಳಿದ್ದು, 1885ರಲ್ಲೇ ಅವಕ್ಕೆ ಸಮಾನ ಸ್ಥಾನ ದೊರೆತಿದೆ. ಆಡುಮಾತಿಗೆ ಮಾತ್ರ ಅಧಿಕೃತವಾದ ಶಿಷ್ಟರೂಪವೇ ಇಲ್ಲ. ಶಾಲೆಯಲ್ಲಿ ಸಾಧ್ಯವಾದಷ್ಟೂ ಮಕ್ಕಳ ಮನೆಮಾತಿನಲ್ಲೇ ಪಾಠ ನಡೆಯಬೇಕೆಂದು ಅಲ್ಲಿನ ಸಂಸತ್ತು 1878ರಲ್ಲಿ ನಿರ್ಣಯಿಸಿತ್ತು. ಹೀಗಾಗಿ ಉಪಭಾಷೆಗಳನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವ ಕಲಿಕೆಯ ಕ್ರಮ ನಾರ್ವೆಯಲ್ಲಿ ಬಹುಕಾಲ ನಡೆಯುವುದಿಲ್ಲ.

ಪಠ್ಯಪುಸ್ತಕಗಳ ಈ ಕೊರತೆಯನ್ನು ತುಂಬಲು ನಾನು ಕಂಡ ಸಾಧನಗಳಲ್ಲಿ ಹೆಚ್ಚು ಹುರುಳಿರುವುದು ಓಸ್ಲೊ ವಿಶ್ವವಿದ್ಯಾಲಯದ ಪಠ್ಯ ಪ್ರಯೋಗಾಲಯವು ರೂಪಿಸಿರುವ ನಾರ್ಡಿಕ್ ಡಯಲೆಕ್ಟ್ ಕಾರ್ಪಸ್, ಅಂದರೆ ಉಪಭಾಷೆಗಳ ಮಾತನ್ನು ಹುಡುಕಿ ನೋಡಬಹುದಾದ ಸಂಗ್ರಹ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫ್ಯಾರೊ ದ್ವೀಪಗಳು ಮತ್ತು ಐಸ್‌ಲ್ಯಾಂಡ್‌ಗಳ ಸಾಮಾನ್ಯ ಜನರ ಸಹಜ ಮಾತುಕತೆಯ ಧ್ವನಿಮುದ್ರಣಗಳು ಇದರಲ್ಲಿದ್ದು, ಒಟ್ಟು ಗಾತ್ರ ಸುಮಾರು 28 ಲಕ್ಷ ಪದಗಳಷ್ಟಿದೆ. ನಾರ್ವೆಯ ಭಾಗದಲ್ಲಿ ಸಾಮಾನ್ಯವಾಗಿ ಪ್ರತಿ ಊರಿನಿಂದ ನಾಲ್ವರನ್ನು, ಅಂದರೆ ಕಿರಿಯರಲ್ಲಿ ಒಬ್ಬ ಗಂಡು ಒಬ್ಬ ಹೆಣ್ಣು, ಹಿರಿಯರಲ್ಲೂ ಹಾಗೆಯೇ, ಆರಿಸಿಕೊಂಡಿದ್ದಾರೆ.

ಇದರ ನಿಜವಾದ ಸೊಗಸು ಹುಡುಕುವ ಬಗೆಯಲ್ಲಿದೆ. ನಾರ್ವೇಜಿಯನ್ ಮಾತಿನ ಪ್ರತಿಯೊಂದು ತುಣುಕನ್ನೂ ಎರಡು ಸಾಲುಗಳಲ್ಲಿ ಬರೆದಿಟ್ಟಿದ್ದಾರೆ: ಒಂದು ಉಚ್ಚಾರಣೆಗೆ ಹತ್ತಿರವಾದದ್ದು, ಇನ್ನೊಂದು ಶಿಷ್ಟ ಕಾಗುಣಿತದ್ದು. ‘ಇಲ್ಲ, ಅಲ್ಲ’ ಎಂಬರ್ಥದ ‘ಇಕ್ಕೆ’ಯನ್ನು ಶಿಷ್ಟ ರೂಪದಲ್ಲಿ ಹುಡುಕಿದರೆ ಟ್ರೊಂಡ್‌ಹೈಮ್ ಸುತ್ತಲಿನ ಟ್ರೊಂಡೆಲಾಗ್‌ನ ‘ಇಚ್’ ಸೇರಿದಂತೆ ಜನರ ಬಾಯಲ್ಲಿ ಬಂದ ರೂಪಗಳೆಲ್ಲ ಒಟ್ಟಿಗೆ ಸಿಗುತ್ತವೆ. ಅವನ್ನು ಬೇರೆ ಬೇರೆ ಬಣ್ಣಗಳಲ್ಲಿ ನಕ್ಷೆಯ ಮೇಲೆ ಮೂಡಿಸಿದರೆ ಯಾವ ರೂಪದ ಸೀಮೆ ಎಲ್ಲಿಗೆ ಮುಗಿಯುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ಧ್ವನಿಯನ್ನೂ ಅಲ್ಲೇ ಕೇಳಬಹುದು.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಪೂರ್ವ ನಾರ್ವೆಯಲ್ಲಿ ರಕಾರದ ಮುಂದೆ ತ, ದ, ನ ಬಂದರೆ ಎರಡೂ ಕೂಡಿ ಮೂರ್ಧನ್ಯವಾಗುತ್ತವೆ. ಮಗು ಎಂಬರ್ಥದ ‘ಬಾರ್ನ್’ ಪದ ‘ಬಾಣ್’ ಆಗುತ್ತದೆ, ನಕ್ಷೆ ಎಂಬರ್ಥದ ‘ಕಾರ್ತ್’ ಪದ ‘ಕಾಟ್’ ಆಗುತ್ತದೆ. ಟಠಡಢಣ ಬಾಯಿಪಾಠ ಮಾಡಿ ಬೆಳೆದವರು ಇದನ್ನು ಕಲಿಯಬೇಕಾಗಿಯೇ ಇಲ್ಲ. ಅಲ್ಲಿನವರು ‘ದಪ್ಪ ಎಲ್’ ಎಂದು ಕರೆಯುವ ಧ್ವನಿಯೂ ನಮ್ಮ ಳಕಾರದ ನೆರೆಯದೇ. ಉಚ್ಚಾರಣೆಯ ಸಾಲಿನಲ್ಲಿ ಅದನ್ನು ರೋಮನ್ ಲಿಪಿಯ ದೊಡ್ಡಕ್ಷರದಿಂದ ಗುರುತಿಸಿದ್ದಾರೆ. ಹೊಲಮನೆ ಎಂಬರ್ಥದ ಪದ ಪೂರ್ವದ ಹಳ್ಳಿಗಳಲ್ಲಿ ‘ಗೋಳ್’ ಎಂದು ಕೇಳಿಸುತ್ತದೆ, ಬೇಸಾಯದ ಕಷ್ಟ ಬಲ್ಲ ನಮ್ಮವರು ಇದಕ್ಕೆ ನಗದೇ ಇರಲಾರರು. ಬರ್ಗನ್, ಸ್ಟವಾಂಗರ್ ಕಡೆ ರಕಾರವು ಗಂಟಲಿನಿಂದ ಹೊರಡುವುದರಿಂದ ಈ ಅನುಕೂಲವೆಲ್ಲ ಅಲ್ಲಿ ಕೈಕೊಡುತ್ತದೆ.

ಕೊರತೆಗಳೂ ಇವೆ. ಸ್ವೀಡಿಷ್ ಭಾಗಕ್ಕೆ ಬಹುಪಾಲು ಶಿಷ್ಟ ಕಾಗುಣಿತದ ಸಾಲು ಮಾತ್ರ ಇದೆ. ಇದಕ್ಕೆ ಹೊರತಾದದ್ದು, ಇತರ ಸ್ವೀಡಿಷರಿಗೇ ಅರ್ಥವಾಗದಷ್ಟು ದೂರ ಸರಿದಿರುವ ಎಲ್ವ್‌ದಾಲೆನ್ ಕಣಿವೆಯ ನುಡಿ. ಡೇನಿಷ್ ಭಾಗದಲ್ಲೂ ಉಚ್ಚಾರಣೆಯ ಸಾಲಿಲ್ಲ. ನಾರ್ವೇಜಿಯನ್ ಪದಗಳ ಅರ್ಥವನ್ನೇ ಬದಲಿಸಬಲ್ಲ ಸ್ವರದ ಏರಿಳಿತವನ್ನು ಬರಹದಲ್ಲಿ ಗುರುತಿಸಿಲ್ಲವಾದ್ದರಿಂದ ಅದಕ್ಕೆ ಕಿವಿಯೊಂದೇ ಗತಿ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಸಂಶೋಧಕರಿಗಾಗಿ ಕಟ್ಟಿದ ಸಂಗ್ರಹ. ಪಾಠಗಳ ಕ್ರಮವಾಗಲಿ ವ್ಯಾಕರಣದ ವಿವರಣೆಯಾಗಲಿ ಇಲ್ಲಿಲ್ಲ. ಭಾಷೆಯ ಮೊದಲ ಮೆಟ್ಟಿಲಲ್ಲಿರುವವರು ಇಲ್ಲಿಗೆ ಬಂದರೆ ಬೆದರಿ ಹಿಂದಿರುಗುವುದೇ ಹೆಚ್ಚು.

ಅಂಥವರಿಗೆ ಟ್ರೊಂಡ್‌ಹೈಮ್‌ನ ಎನ್‌ಟಿಎನ್‌ಯು ವಿಶ್ವವಿದ್ಯಾಲಯದ ಕಾಲ್ಸ್ಟ್ ಎಂಬ ಉಚ್ಚಾರಣಾ ಅಭ್ಯಾಸದ ತಾಣ ಮೊದಲು ಸಾಕು. ಅಲ್ಲಿ ಕಲಿಯುವವರು ತಮ್ಮ ಮಾತೃಭಾಷೆಯನ್ನೂ ತಮಗೆ ಬೇಕಾದ ಪ್ರದೇಶದ ಉಪಭಾಷೆಯನ್ನೂ ಆರಿಸಿಕೊಂಡು ಧ್ವನಿಗಳನ್ನು ಒಂದೊಂದಾಗಿ ಕೇಳಿ ಪಳಗಬಹುದು. ಆರು ತಿಂಗಳ ಓದು ಮುಗಿದ ಮೇಲೆ ಕಾರ್ಪಸ್‌ಗೆ ಬಂದು, ದೇಶವನ್ನೆಲ್ಲ ಸುತ್ತುವ ಆಸೆಯನ್ನು ಅದುಮಿಟ್ಟು, ತಾವು ವಾಸಿಸುವ ಅಥವಾ ಕೆಲಸಕ್ಕೆ ಹೋಗಲಿರುವ ಊರಿಗೆ ಹತ್ತಿರದ ಒಂದೇ ಸ್ಥಳವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮೊದಲು ಕಿರಿಯರ ಮಾತನ್ನು, ಅದು ಹಿಡಿತಕ್ಕೆ ಬಂದ ನಂತರ ಅದೇ ಊರಿನ ಹಿರಿಯರ ಮಾತನ್ನು ಕೇಳಬೇಕು.