ಕ್ವಾರ್ಟರ್ ಒಂದೇ, ಬಿಲ್ ನಾಲ್ಕು ಥರ

ಬಾರಲ್ಲಿ ಕುಡಿಯೋದು ದಂಡ, ಅದೇ ದುಡ್ಡಲ್ಲಿ ಮನೇಲಿ ಎರಡು ದಿನ ಆಗುತ್ತೆ ಅಂತ ನಮ್ಮ ಭಾವ ಹೇಳುತ್ತಲೇ ಇರುತ್ತಾರೆ. ಹೆಚ್ಚಾಗಿ ಬಾರಲ್ಲೇ ಕೂತು ಹೇಳುತ್ತಾರೆ ಅನ್ನೋದು ಬೇರೆ ಮಾತು. ಎಷ್ಟು ನಿಜ ನೋಡೋಣ ಅಂತ ಈ ಮಳೆಗಾಲದಲ್ಲಿ ಚಿಕ್ಕಮಗಳೂರಿನ ನಾಲ್ಕು ಥರದ ಜಾಗಗಳ ಬಿಲ್ ಜೋಡಿಸಿದೆ. ಮನೆ, ಮಾಮೂಲಿ ಬಾರ್, ಅದೇ ಬಾರಿನ ಮಹಡಿ ಮೇಲಿನ ಎ.ಸಿ. ಹಾಲ್, ಗಿರಿ ಕಡೆಯ ಒಂದು ರೆಸಾರ್ಟ್.

ಎಲ್ಲ ಕಡೆ ಒಂದೇ ವಿಸ್ಕಿ, ಒಂದೇ ಅಳತೆ. 180 ಎಂ.ಎಲ್.ನ ಒಂದು ಕ್ವಾರ್ಟರ್, ಅಂದರೆ 60 ಎಂ.ಎಲ್.ನ ಮೂರು ಲಾರ್ಜ್. ಬ್ರ್ಯಾಂಡ್ ಮಧ್ಯಮ ದರ್ಜೆಯದು. ಲೆಕ್ಕ ಸುಲಭ ಆಗಲಿ ಅಂತ ಕ್ವಾರ್ಟರಿನ ಎಂ.ಆರ್.ಪಿ.ಯನ್ನು 300 ರೂಪಾಯಿ ಅಂತ ಹಿಡಿದಿದ್ದೇನೆ. ಉಳಿದ ರೇಟುಗಳನ್ನೂ ಹತ್ತಿರದ ಅಂಕಿಗೆ ತಂದಿದ್ದೇನೆ.

ಮೊದಲು ಮನೆ. ವೈನ್ ಸ್ಟೋರಿನಲ್ಲಿ 300 ಕೊಟ್ಟರೆ ಕ್ವಾರ್ಟರ್ ಬಂತು. ಸೋಡಾ 20, ಕಡ್ಲೆಬೀಜ 20, ಎರಡು ಮೊಟ್ಟೆ ಬೇಯಿಸಿದರೆ ಇನ್ನೊಂದು 15. ಹೆಚ್ಚೆಂದರೆ 360ಕ್ಕೆ ಸಂಜೆ ಮುಗಿಯಿತು. ಕಾಗದದ ಮೇಲೆ ಇದನ್ನು ಸೋಲಿಸೋರು ಯಾರೂ ಇಲ್ಲ.

ಆದರೆ ಮನೆಯಲ್ಲಿ ಕುಡಿಯೋರು ಕ್ವಾರ್ಟರ್ ತರಲ್ಲ, ಫುಲ್ ತರ್ತಾರೆ. ಫುಲ್ ತಗೊಂಡ್ರೆ ಉಳಿತಾಯ ಅನ್ನೋ ನಂಬಿಕೆ. ನಮ್ಮ ರಾಜ್ಯದಲ್ಲಿ ಅದು ನಡೆಯಲ್ಲ. ಅಬಕಾರಿ ಸುಂಕ ಬೀಳೋದು ಸ್ಲ್ಯಾಬ್ (ಬೆಲೆಯ ಹಂತ) ಪ್ರಕಾರ, ಲೀಟರ್ ಲೆಕ್ಕದಲ್ಲಿ. ಹಾಗಾಗಿ ದೊಡ್ಡ ಬಾಟಲ್ ಅಂತ ರಿಯಾಯಿತಿ ಸಿಗಲ್ಲ. ಎರಡರ ಲೇಬಲ್ ಪಕ್ಕಪಕ್ಕ ಇಟ್ಟು ಭಾಗಿಸಿ ನೋಡಿ, ಎಂ.ಎಲ್. ಲೆಕ್ಕಕ್ಕೆ ರೇಟು ಹತ್ತಿರ ಹತ್ತಿರ ಒಂದೇ. 300ರ ಕ್ವಾರ್ಟರ್ ಇದ್ದರೆ 750 ಎಂ.ಎಲ್. ಫುಲ್ 1,250ರ ಆಸುಪಾಸು. 2023ರ ಜುಲೈ ಬಜೆಟ್‌ನಲ್ಲಿ ಹೆಚ್ಚುವರಿ ಅಬಕಾರಿ ಸುಂಕ ಶೇ. 20 ಏರಿದಾಗಲೂ ಪೆಟ್ಟು ಬಿದ್ದಿದ್ದು ಎಲ್ಲ ಸ್ಲ್ಯಾಬಿಗೂ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ಬರಬೇಕು ಅಂತ ಸರ್ಕಾರ ಗುರಿ ಇಟ್ಟುಕೊಂಡಿತ್ತು. ನಾವು ಮನೇಲಿ ಕುಡಿದರೂ ಬಾರಲ್ಲಿ ಕುಡಿದರೂ ಅವರ ಪಾಲು ಅವರಿಗೆ ಹೋಗಿಯೇ ಹೋಗುತ್ತದೆ, ಬಿಡಿ.

ಫುಲ್ ಬಾಟಲಿಗೆ ಇನ್ನೊಂದು ತೊಂದರೆ ಇದೆ. ಸುಮ್ನೆ ಕುತೂಹಲಕ್ಕೆ, ದಿನಾ ಹಾಕಿಕೊಳ್ಳುವ ಹಾಗೆಯೇ ಕಣ್ಣಳತೆಯಲ್ಲಿ ಗ್ಲಾಸಿಗೆ ಒಂದು ಲಾರ್ಜ್ ಸುರಿದೆ. ಆಮೇಲೆ ಕೆಮ್ಮಿನ ಸಿರಪ್ಪಿನ ಜೊತೆ ಬರುತ್ತಲ್ಲ, ಗೆರೆ ಇರುವ ಆ ಪುಟ್ಟ ಕಪ್ಪು, ಅದರಲ್ಲಿ ಹತ್ತು ಹತ್ತಾಗಿ ಅಳೆದೆ. ಅರವತ್ತಕ್ಕೆ ನಿಲ್ಲಬೇಕಾಗಿದ್ದು ಎಂಬತ್ತು ಮುಟ್ಟಿತು. ಭಾವನ ಕೈಯಲ್ಲೂ ಸುರಿಸಿದೆ. ಅವರದು ಇನ್ನೂ ಧಾರಾಳ. ಹನ್ನೆರಡೂವರೆ ಲಾರ್ಜ್ ಆಗಬೇಕಾದ ಫುಲ್ ಬಾಟಲ್ ಈ ಕೈಯಲ್ಲಿ ಒಂಬತ್ತು ಚಿಲ್ಲರೆಗೆ ಖಾಲಿ. ಅಲ್ಲಿಗೆ ಮನೆಯ ಒಂದು ‘ಲಾರ್ಜ್’ ಬೆಲೆ 100 ಅಲ್ಲ, 130 ದಾಟುತ್ತದೆ. ಕೆಳಗಿನ ಬಾರಲ್ಲಿ ಒಂದು ಲಾರ್ಜ್‌ಗೆ ತಗೊಳ್ಳೋದೂ ಅಷ್ಟೇ! ವಿಸ್ಕಿ ಜಾಸ್ತಿ ಸಿಕ್ಕಿತಲ್ಲ ಅಂತ ನೀವು ಹೇಳಬಹುದು. ಸಿಕ್ಕಿತು, ಸರಿ. ಆದರೆ ಪೆಗ್ ಎಣಿಸಿಕೊಂಡು ಏಳುವವನಿಗೆ ಅದು ಲಾಭ ಅಲ್ಲ, ಬಾಟಲ್ ಬೇಗ ಮುಗಿಯುತ್ತದೆ ಅಷ್ಟೇ.

ಇನ್ನು ಮಾಮೂಲಿ ಬಾರ್. ಫ್ಯಾನು, ಟೈಲ್ಸ್ ಹಾಕಿದ ಗೋಡೆ, ಮೂಲೆಯಲ್ಲಿ ಟಿ.ವಿ. ಮಳೆ ಹಿಡಿದ ಸಂಜೆ ತೋಟದ ಕೆಲಸ ಮುಗಿಸಿ ಬಂದವರ ಕೊಡೆಗಳೆಲ್ಲ ಬಾಗಿಲ ಹತ್ತಿರ. ಇಲ್ಲಿ ಒಂದು ವಿಷಯ ತಿಳ್ಕೊಂಡ್ರೆ ಸಾಕು. ಪೆಗ್ ಹೇಳಬೇಡಿ, ಕ್ವಾರ್ಟರ್ ಹೇಳಿ. ಲಾರ್ಜ್ ಲೆಕ್ಕದಲ್ಲಿ ಮೂರು ತಗೊಂಡ್ರೆ 390. ಅದೇ ಕ್ವಾರ್ಟರ್ ಆದರೆ 350. ನಲವತ್ತು ರೂಪಾಯಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಸೀಲ್ ಇರುವ ಬಾಟಲ್ ಟೇಬಲ್ಲಿಗೆ ಬರುತ್ತದೆ. ಮುಚ್ಚಳದ ಮೇಲಿನ ಅಬಕಾರಿ ಚೀಟಿ ನಮ್ಮ ಕಣ್ಣೆದುರಿಗೇ ಹರಿಯುತ್ತದೆ. ಕೌಂಟರಿನ ಹಿಂದೆ ಆ ಸ್ಟೀಲ್ ಅಳತೆ ಎಷ್ಟು ತುಂಬಿತು, ಎಷ್ಟು ಬೇಗ ಬಗ್ಗಿತು ಅನ್ನೋ ಅನುಮಾನವೇ ಬೇಡ.

ಎರಡನೇ ಉಳಿತಾಯ ನೀರಿನಲ್ಲಿ.

“ಸಾರ್, ವಾಟರ್ ಬಾಟಲ್ ತರ್ಲಾ?”

“ಬೇಡ ಅಣ್ಣ, ಜಗ್ಗಲ್ಲೇ ಕೊಡು. ಬಿಸಿನೀರಿದ್ರೆ ಇನ್ನೂ ಒಳ್ಳೇದು ಮಾರಾಯ.”

ನಮ್ಮ ಕಡೆ ಜುಲೈನಲ್ಲಿ ವಿಸ್ಕಿಗೆ ಬಿಸಿನೀರು ಕೇಳಿದರೆ ಯಾರೂ ವಿಚಿತ್ರವಾಗಿ ನೋಡಲ್ಲ. ದುಡ್ಡೂ ಇಲ್ಲ. ನಿಜವಾದ ಖರ್ಚು ನೆಂಚಿಕೊಳ್ಳೋದರಲ್ಲಿದೆ. ಒಂದು ಪೆಪ್ಪರ್ ಚಿಕನ್ 220. ಅದರ ಮೇಲೆ ಶೇ. 5 ಜಿ.ಎಸ್.ಟಿ., ಟಿಪ್ಸ್ 20. ಒಟ್ಟು 600ರ ಹತ್ತಿರ. ಮನೆಗೂ ಇಲ್ಲಿಗೂ ಇರುವ 240 ರೂಪಾಯಿ ವ್ಯತ್ಯಾಸದಲ್ಲಿ ವಿಸ್ಕಿಯ ಪಾಲು ಬರೀ 50. ಉಳಿದಿದ್ದೆಲ್ಲ ಕೋಳಿಯ ಲೆಕ್ಕ.

ಮಹಡಿ ಮೇಲಿನ ಹಾಲಿಗೆ ಬನ್ನಿ. ಅಡುಗೆಮನೆ ಅದೇ, ಬಾಣಲೆ ಅದೇ, ಚಿಕನ್ ಹತ್ತಿಸಿಕೊಂಡು ಬರುವ ಹುಡುಗನೂ ಅವನೇ. ಹದಿನೆಂಟು ಮೆಟ್ಟಿಲು ಹತ್ತಿದ್ದಕ್ಕೆ ಚಿಕನ್ 290 ಆಯಿತು, ಲಾರ್ಜ್ 180 ಆಯಿತು. ಕ್ವಾರ್ಟರ್ ಕೇಳಿದರೆ ‘ಮೇಲೆ ಕೊಡಲ್ಲ ಸಾರ್’. ಜಗ್ ಇಲ್ಲ, ಬಾಟಲ್ ನೀರು ತಾನಾಗೇ ಬಂದು ಕೂರುತ್ತದೆ. ಟಿಪ್ಸ್ ಐವತ್ತಾದರೂ ಇಡಬೇಕು. ಒಟ್ಟು 930 ದಾಟಿತು. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಎ.ಸಿ.ಗೆ ದುಡ್ಡು ಕೊಡೋದು ನನಗಂತೂ ತಲೆಗೆ ಹೋಗಲ್ಲ. ಆದರೆ ಟಾಯ್ಲೆಟ್ ಚೊಕ್ಕ. ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಹೋದರೆ ಇದೇ ಸರಿ.

ರೆಸಾರ್ಟ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಮೆನುವಿನಲ್ಲಿ 250 ಅಂತ ನೋಡಿ ಪರವಾಗಿಲ್ಲ ಅಂದುಕೊಳ್ಳುತ್ತೀರಿ. ಅದು 30 ಎಂ.ಎಲ್. ರೇಟು. ಕ್ವಾರ್ಟರಿನಷ್ಟು ಕುಡಿದರೆ ವಿಸ್ಕಿಗೇ 1,500. ರೂಮ್ ಬಾಡಿಗೆ 7,500 ದಾಟುವ ಕಡೆ ಊಟಕ್ಕೆ ಶೇ. 18 ಜಿ.ಎಸ್.ಟಿ. ಬೇರೆ. ಮದ್ಯಕ್ಕೆ ಎಲ್ಲೂ ಜಿ.ಎಸ್.ಟಿ. ಇಲ್ಲ, ಬಿಲ್ಲಿನಲ್ಲಿ ಆ ಸಾಲು ಒಮ್ಮೆ ನೋಡಿಕೊಳ್ಳಿ. ಮಂಜು ಚೆನ್ನಾಗಿತ್ತು, ಒಪ್ಪುತ್ತೇನೆ.

ವಾಪಸ್ ಬರೋ ಖರ್ಚನ್ನು ಜನ ಲೆಕ್ಕಕ್ಕೇ ಹಿಡಿಯಲ್ಲ. ಬಾರಿಂದ ಮನೆಗೆ ರಾತ್ರಿ ಆಟೋದವರು ಕೇಳಿದಷ್ಟು ಕೊಡಬೇಕು. ಕೊಟ್ಟುಬಿಡಿ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000ದವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಗಿರಿ ರಸ್ತೆಯ ತಿರುವುಗಳಲ್ಲಿ ಪೊಲೀಸರು ಸಿಗದಿದ್ದರೇ ಭಯ ಜಾಸ್ತಿ.

ಇದೆಲ್ಲ ಒಬ್ಬನೇ ಕೂತಾಗಿನ ಲೆಕ್ಕ. ಗೆಳೆಯರು ಸೇರಿದರೆ ಪೂರಾ ತಲೆಕೆಳಗು. ಬಾರಲ್ಲಿ ನಾಲ್ಕು ಜನ ಎರಡು ಪ್ಲೇಟ್ ಹಂಚಿಕೊಂಡು ಬಿಲ್ ಒಡೆದರೆ ತಲೆಗೆ 500ರ ಒಳಗೇ ಬರುತ್ತದೆ. ಅದೇ ನಾಲ್ವರು ಮನೆಗೆ ಬಂದರೆ? ಎರಡು ಕೆ.ಜಿ. ಕೋಳಿ, ಅಕ್ಕಿರೊಟ್ಟಿ, ಆಮೇಲೆ ಅನ್ನ ಸಾರು. ಬಾಟಲ್ ಅವರು ತಂದಿರಬಹುದು, ಉಳಿದಿದ್ದೆಲ್ಲ ಮನೆಯವನ ಜೇಬು. ರಾತ್ರಿ ಹನ್ನೊಂದಕ್ಕೆ ರೊಟ್ಟಿ ತಟ್ಟುತ್ತಾ ನಿಂತವರ ಕೂಲಿಯನ್ನು ಯಾವ ಭಾವನೂ ಬಿಲ್ಲಿಗೆ ಸೇರಿಸಿದ್ದನ್ನು ನಾನು ನೋಡಿಲ್ಲ.

ಅದಕ್ಕೇ ಗೆಳೆಯರಿದ್ದರೆ ಕೆಳಗಿನ ಬಾರ್, ಒಬ್ಬನೇ ಆದರೆ ಮನೆ, ಅದೂ ಕ್ವಾರ್ಟರ್ ತಂದು. ಫುಲ್ ತಂದಿಡೋದು ಅಕ್ಟೋಬರ್ 1ಕ್ಕೆ ಮಾತ್ರ. ಮಾರನೇ ದಿನ ಗಾಂಧಿ ಜಯಂತಿ, ವೈನ್ ಸ್ಟೋರ್ ಇಲ್ಲ, ಬಾರೂ ಇಲ್ಲ. ಮನೆಗೆ ಎಲ್ಲಿಲ್ಲದ ನೆಂಟರು.