ಬೇರೆ ದೇಶದವರ ಜೊತೆ ಡೀಲ್ ಮಾತಾಡೋದು ಕಲಿಸೋ ಆನ್‌ಲೈನ್ ಕೋರ್ಸ್: ರೋಲ್‌ಪ್ಲೇಗೋಸ್ಕರ ಸೇರಿ, ಸ್ಕೋರ್ ನಂಬ್ಕೊಂಡು ಕೂರ್ಬೇಡಿ

ಆರು ವಾರದ ಕೋರ್ಸು, ಈಗಷ್ಟೇ ಮುಗಿಸಿದೆ. ಒಂದು ದೇಶದ ಸಂಸ್ಕೃತಿ ಅಲ್ಲಿನವರ ಬಿಸಿನೆಸ್ ತೀರ್ಮಾನಗಳ ಮೇಲೆ, ಮಾತುಕತೆ ಮೇಲೆ ಹೇಗೆ ಕೆಲ್ಸ ಮಾಡತ್ತೆ ಅನ್ನೋದೇ ವಿಷಯ. ನಾನು ಸೇರಿದ್ದು ಒಂದು ಪೆಟ್ಟು ತಿಂದ್ಮೇಲೆ. ಜಪಾನಿನ ಕಸ್ಟಮರ್ ಒಬ್ರ ಜೊತೆ ಕಾಲ್ ಇತ್ತು, ನಾವು ರೇಟ್ ಹೇಳಿದ್ವಿ, ಆ ಕಡೆ ಎಲ್ರೂ ಸುಮ್ನಾಗ್ಬಿಟ್ರು, ಹತ್ತು ಹದಿನೈದು ಸೆಕೆಂಡ್ ಇರ್ಬಹುದು ಅಷ್ಟೇ, ಆದ್ರೆ ನನಗೆ ತಡ್ಕೊಳಕ್ಕೆ ಆಗ್ಲಿಲ್ಲ, ಜಾಸ್ತಿ ಆಯ್ತು ಅನ್ಕೊಂಡ್ರೇನೋ ಅಂತ ನಾನೇ ಬಾಯಿಬಿಟ್ಟು ರೇಟ್ ಇಳಿಸಿಬಿಟ್ಟೆ. ಅವ್ರು ಕೇಳೇ ಇರ್ಲಿಲ್ಲ! ಅವ್ರು ಬರೀ ಯೋಚ್ನೆ ಮಾಡ್ತಿದ್ರು.

ಅದಕ್ಕೆ ಎರಡನೇ ವಾರದ ಪಾಠ ನನಗೆ ನೇರವಾಗಿ ತಟ್ತು. ಎಡ್ವರ್ಡ್ ಹಾಲ್ ಅನ್ನೋ ಮಾನವಶಾಸ್ತ್ರಜ್ಞ 1976ರಲ್ಲಿ ಬಿಡಿಸಿ ಹೇಳಿದ ಹೈ ಕಾಂಟೆಕ್ಸ್ಟ್, ಲೋ ಕಾಂಟೆಕ್ಸ್ಟ್ ವಿಚಾರದಿಂದ ಶುರು ಮಾಡ್ತಾರೆ. ಕೆಲವು ಕಡೆ ಅರ್ಥ ಎಲ್ಲಾ ಮಾತಲ್ಲೇ ಇರತ್ತೆ, ಅದು ಲೋ ಕಾಂಟೆಕ್ಸ್ಟ್; ಇನ್ನು ಕೆಲವು ಕಡೆ ಯಾರು ಹೇಳಿದ್ರು, ಯಾವಾಗ ಹೇಳಿದ್ರು, ಏನು ಹೇಳ್ದೆ ಬಿಟ್ರು ಅನ್ನೋದ್ರಲ್ಲಿ ಇರತ್ತೆ, ಅದು ಹೈ ಕಾಂಟೆಕ್ಸ್ಟ್. ಜಪಾನಿನವರು 'ಹಾಯ್' (ಅವರ ಭಾಷೇಲಿ 'ಹೌದು') ಅಂದ್ರೆ ಎಷ್ಟೋ ಸಲ ಒಪ್ಪಿದ್ದೀವಿ ಅಂತಲ್ಲ, ಕೇಳಿಸ್ಕೊಳ್ತಿದ್ದೀವಿ ಅಂತ. 'ಕೆಂತೋ ಶಿಮಾಸ್', ಅಂದ್ರೆ ಪರಿಶೀಲಿಸ್ತೀವಿ ಅಂದ್ರೆ, ಅದು ಮರ್ಯಾದೆಯಿಂದ ಹೇಳಿದ 'ಬೇಡ' ಇರಬಹುದು. ನಾನು ಇಂಥ ಎಷ್ಟು ಮೇಲ್‌ಗಳನ್ನ ಆರ್ಡರ್ ಬಂದೇಬಿಡ್ತು ಅಂತ ಓದ್ಕೊಂಡಿದ್ನೋ.

ಇನ್ನು ರೋಲ್‌ಪ್ಲೇ. ಈ ಕೋರ್ಸಿನ ಜೀವ ಅದೇ. ಒಟ್ಟು ನಾಲ್ಕು ಲೈವ್ ಸೆಷನ್, ಎದುರಿಗೆ ಟ್ರೈನರ್ ಕಸ್ಟಮರ್ ಆಗಿ ಕೂರ್ತಾರೆ, ಬೇಕಂತಲೇ ಸುಮ್ನಿರ್ತಾರೆ, ನೀವು ಆ ಮೌನ ತುಂಬ್ಸೋಕೆ ಹೋದ್ರೆ ಅಲ್ಲೇ ನಿಲ್ಸಿ ರೆಕಾರ್ಡಿಂಗ್ ಹಾಕಿ ತೋರಿಸ್ತಾರೆ. ಮೊದಲ್ನೇ ಸಲ ನಾನು ನಾಲ್ಕು ಸೆಕೆಂಡಿಗೇ ಮಾತಾಡಿದ್ದೆ. ಕೊನೇ ಸೆಷನ್ನಲ್ಲಿ ಅವ್ರೇ ಬಾಯಿ ಬಿಡೋವರ್ಗೂ ಕಾದೆ. ಓದಿ ಬರೋ ವಿದ್ಯೆ ಅಲ್ಲ ಇದು, ಮೈಗೇ ಬರ್ಬೇಕು.

ನೆಮವಾಶಿ ಪಾಠಾನೂ ತುಂಬಾ ಚೆನ್ನಾಗಿದೆ. ಮರವನ್ನ ಬೇರೆ ಕಡೆ ನೆಡೋಕೆ ಮುಂಚೆ ಬೇರಿನ ಸುತ್ತ ಬಿಡಿಸಿ ತಯಾರಿ ಮಾಡ್ತಾರಲ್ಲ, ಅದಕ್ಕೆ ಜಪಾನಿನಲ್ಲಿ ಹೇಳೋ ಪದ ಅದು. ಬಿಸಿನೆಸ್ಸಲ್ಲಿ ಅಂದ್ರೆ ಮೀಟಿಂಗಿಗೆ ಮೊದ್ಲೇ ಒಬ್ಬೊಬ್ರ ಹತ್ರಾನೂ ಮಾತಾಡಿ ಒಪ್ಪಿಸೋದು. ಆಮೇಲೆ ಪ್ರಸ್ತಾವನೆ ಕಾಗದ ಕೈಯಿಂದ ಕೈಗೆ ಹೋಗಿ ಎಲ್ರೂ ಮುದ್ರೆ ಒತ್ತೋದು, ಅದಕ್ಕೆ ರಿಂಗಿ ಅಂತಾರೆ. ಹಾಗಾಗಿ ದೊಡ್ಡ ಮೀಟಿಂಗಲ್ಲಿ ಧಿಡೀರ್ ಅಂತ ಹೊಸ ಆಫರ್ ಇಟ್ಟು ಈಗ್ಲೇ ಉತ್ರ ಹೇಳಿ ಅಂದ್ರೆ ಅವರನ್ನ ಮುಜುಗರಕ್ಕೆ ಸಿಗಿಸಿದ ಹಾಗೆ. ಈಗ ನಾನು ವಾರ ಮುಂಚೆನೇ ಒಂದು ಪುಟದ ಟಿಪ್ಪಣಿ ಬೇರೆಬೇರೆಯಾಗಿ ಕಳಿಸ್ತೀನಿ, ಪ್ರಶ್ನೆಗಳು ಮೀಟಿಂಗಿಗೆ ಮೊದ್ಲೇ ಬರ್ತವೆ.

ನನಗೆ ಸಿಟ್ಟು ಬಂದಿದ್ದು ಮೂರ್ನೇ ವಾರ. ದೇಶಗಳ ಸಂಸ್ಕೃತಿಗೆ ಅಂಕ ಕೊಟ್ಟ ಸಂಶೋಧಕ ಗೀರ್ಟ್ ಹಾಫ್‌ಸ್ಟೀಡ್ ಅವರ ಸ್ಕೋರ್‌ಗಳು, ಪವರ್ ಡಿಸ್ಟೆನ್ಸ್ (ಮೇಲು ಕೆಳಗಿನ ಅಂತರನ ಜನ ಎಷ್ಟು ಒಪ್ಕೋತಾರೆ), ಇಂಡಿವಿಜುಯಲಿಸಂ (ಗುಂಪಿಗಿಂತ ವ್ಯಕ್ತಿಗೆ ಎಷ್ಟು ಬೆಲೆ) ಎಲ್ಲಾ ಬರತ್ತೆ, ಸರಿ, ಬರ್ಲೇಬೇಕು. ಆದ್ರೆ ಕ್ವಿಜ್ ನೋಡಿ: 'ಎದುರಿಗಿರೋರು ಇಂಥ ದೇಶದವರು, ಸ್ಕೋರ್ ಇಷ್ಟು, ನೀವು ಹೇಗೆ ಮಾತಾಡ್ತೀರಿ?' ಆ ಅಂಕಿಅಂಶ ಹುಟ್ಟಿದ್ದೇ 1967ರಿಂದ 1973ರವರೆಗೆ ಐಬಿಎಂ ಅನ್ನೋ ಒಂದೇ ಕಂಪನಿಯ ನೌಕರರಿಗೆ ಕೊಟ್ಟ ಪ್ರಶ್ನಾವಳಿಗಳಿಂದ, 1 ಲಕ್ಷಕ್ಕೂ ಹೆಚ್ಚು ಉತ್ತರ ಇದ್ವು ನಿಜ, ಆದ್ರೂ ಅದು ದೇಶದ ಸರಾಸರಿ, ದೇಶ ದೇಶ ಹೋಲಿಸೋಕೆ. ಒಬ್ಬ ವ್ಯಕ್ತಿಗೆ ಅಂಟಿಸೋಕಲ್ಲ ಅಂತ ಸ್ವತಃ ಹಾಫ್‌ಸ್ಟೀಡೇ ಎಚ್ಚರಿಸಿದ್ರು. ಆ ಎಚ್ಚರಿಕೆ ಪಾಠದಲ್ಲಿ ಒಂದೇ ಸ್ಲೈಡು, ಕ್ವಿಜ್‌ನಲ್ಲಿ ಸೊನ್ನೆ. ಎದುರು ಕೂತಿರೋ ಹೆಣ್ಣುಮಗಳು ಇಪ್ಪತ್ತು ವರ್ಷ ಬೇರೆ ದೇಶದಲ್ಲಿ ಕೆಲ್ಸ ಮಾಡಿ ಬಂದಿರಬಹುದಲ್ವಾ, ಅವರ ಬಗ್ಗೆ ಈ ನಂಬರ್ ಏನು ಹೇಳತ್ತೆ?

ಇದೇ ಅವಸರ ಸ್ಟ್ರಾಟಜಿ ವಾರದಲ್ಲೂ ಕಾಣ್ತು. ಅಮೆರಿಕದ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋಗಿ 2006ರಲ್ಲಿ ಅಂಗಡಿಗಳನ್ನ ಮೆಟ್ರೋ ಅನ್ನೋ ಅಲ್ಲಿನ ಕಂಪನಿಗೆ ಮಾರಿ ಬಂತಲ್ಲ, ಆ ಕಥೆ. ಗ್ರಾಹಕರಿಗೆ ನಗುಮುಖ ತೋರ್ಸಿ ಅನ್ನೋ ನಿಯಮ ಅಲ್ಲಿನವರಿಗೆ ವಿಚಿತ್ರ ಅನ್ನಿಸ್ತು, ನೌಕರರ ನಡವಳಿಕೆ ನಿಯಮ ಕೋರ್ಟ್‌ವರೆಗೂ ಹೋಯ್ತು, ಇವೆಲ್ಲಾ ಹೌದು. ಆದ್ರೆ ಆಲ್ಡಿ, ಲಿಡ್ಲ್ ಅನ್ನೋ ಅಲ್ಲಿನ ಅಂಗಡಿ ಸರಣಿಗಳು ಆಗ್ಲೇ ಅಗ್ಗದ ಮಾರುಕಟ್ಟೆ ಹಿಡ್ಕೊಂಡು ಕೂತಿದ್ವು, 2000ರಲ್ಲಿ ಅಲ್ಲಿನ ಕಾರ್ಟೆಲ್ ಕಚೇರಿ, ಅಂದ್ರೆ ವ್ಯಾಪಾರದ ಪೈಪೋಟಿ ನ್ಯಾಯವಾಗಿದ್ಯಾ ಅಂತ ನೋಡೋ ಸರ್ಕಾರಿ ಕಚೇರಿ, ಕೊಂಡ ಬೆಲೆಗಿಂತ ಕಮ್ಮಿಗೆ ಮಾರಬಾರ್ದು ಅಂತ ತಡೀತು. ವಾಲ್‌ಮಾರ್ಟಿನ ಬಲವೇ ಕಮ್ಮಿ ರೇಟು, ಅದಕ್ಕೇ ಏಟು ಬಿದ್ಮೇಲೆ ಬರೀ ನಗು ವಿಚಾರದಿಂದ ಸೋತ್ರು ಅನ್ನೋದು ಅರ್ಧ ಪಾಠ. ಸಂಸ್ಕೃತಿನ ಇಷ್ಟು ಪ್ರೀತಿಯಿಂದ ಕಲ್ಸೋರು ಎಲ್ಲಾ ಸೋಲನ್ನೂ ಅದ್ರ ತಲೆಗೆ ಕಟ್ಟಬಾರ್ದು. ಯೂರೋ ಡಿಸ್ನಿ ಉದಾಹರಣೆ ಪರವಾಗಿಲ್ಲ, 1992ರಲ್ಲಿ ಡಿಸ್ನಿಯವರು ಪ್ಯಾರಿಸ್ ಹತ್ರ ಪಾರ್ಕ್ ತೆಗೆದಾಗ, ಊಟದ ಜೊತೆ ವೈನ್ ಕುಡಿಯೋ ದೇಶದಲ್ಲಿ ಪಾರ್ಕ್ ಒಳಗೆ ವೈನ್ ಇಲ್ಲ ಅಂದ್ರು, ಮರುವರ್ಷ ನಿಯಮ ಬದಲಾಯಿಸಿದ್ರು.

ಸಮಯಪಾಲನೆ, ಗಿಫ್ಟು, ವಿಸಿಟಿಂಗ್ ಕಾರ್ಡು ಇವೆಲ್ಲಾ ಬೇಗ ಮುಗಿಸ್ತಾರೆ, ಅಷ್ಟೇ ಸಾಕಿತ್ತು.

ಬೇರೆ ದೇಶದ ಕಸ್ಟಮರ್ ಜೊತೆ ಈಗಾಗ್ಲೇ ಮಾತಾಡ್ತಿರೋರು ಖಂಡಿತ ಸೇರಿ, ಇನ್ನೂ ಒಂದು ಕಾಲೂ ಮಾಡಿಲ್ಲ ಅಂದ್ರೆ ಸ್ವಲ್ಪ ಕಾಯಿರಿ, ತಪ್ಪು ಮಾಡಿ ಬಂದ್ರೆ ಪಾಠ ಹತ್ತಿರ ಆಗತ್ತೆ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ರೋಲ್‌ಪ್ಲೇ ರೆಕಾರ್ಡಿಂಗ್ ಕೋರ್ಸ್ ಮುಗಿದ ಮೇಲೆ ಸ್ವಲ್ಪ ದಿನ ಮಾತ್ರ ಇರತ್ತೆ, ಪ್ರತಿ ಸೆಷನ್ ಆದ ತಕ್ಷಣ ಡೌನ್‌ಲೋಡ್ ಮಾಡ್ಕೊಳ್ಳಿ, ನಾನು ಮೊದಲ್ನೇದು ಕಳ್ಕೊಂಡೆ.