ಫಿನಿಶ್ ಲೈನ್ ದಾಟಿದ ಮೇಲೂ ಕ್ಯಾಮೆರಾ ಇಳಿಸದ ಫೋಟೋ ಸರ್ವೀಸ್, ನನ್ನ ಕಡೆಯಿಂದ 5ಕ್ಕೆ 4

ಮಗಳು ಹೈಸ್ಕೂಲ್ ಕ್ರಾಸ್ ಕಂಟ್ರಿ (ಹುಲ್ಲು, ದಿಬ್ಬದ ಮೇಲೆ ಓಡೋ ದೂರದ ಓಟ) ಟೀಮಿಗೆ ಸೇರಿ ಇದು ಎರಡನೇ ವರ್ಷ. ನಾವಿರೋದು ಅಮೆರಿಕದ ಇಲಿನಾಯ್‌ನಲ್ಲಿ, ಆಗಸ್ಟ್ ಕೊನೆಯಿಂದ ನವೆಂಬರ್ ತನಕ ಶನಿವಾರ ಬಂತು ಅಂದ್ರೆ ಕತ್ತಲಲ್ಲೇ ಎದ್ದು ಯಾವುದಾದ್ರೂ ಪಾರ್ಕಿನ ಹುಲ್ಲಲ್ಲಿ ಕಾಲು ಒದ್ದೆ ಮಾಡ್ಕೊಂಡು ನಿಂತಿರ್ತೀವಿ. ಈ ಸಲ ಒಂದು ಮೀಟ್‌ಗೆ (ಹಲವು ಸ್ಕೂಲುಗಳ ಓಟದ ಸ್ಪರ್ಧೆಗೆ) ಬಂದಿದ್ದ ಫೋಟೋ ಸರ್ವೀಸ್ ಬಗ್ಗೆ ಬರೀತಿದೀನಿ. ಇಬ್ಬರೇ ಫೋಟೋಗ್ರಾಫರ್ ಇರೋ ಸಣ್ಣ ಕಂಪನಿ, ಒಂದೆರಡು ತಕರಾರೂ ಇದೆ ಅದಕ್ಕೆ ಹೆಸರು ಹಾಕ್ತಿಲ್ಲ.

ಮಕ್ಕಳನ್ನ ಓಟಕ್ಕೆ ಕಳಿಸೋರಿಗೆ ಗೊತ್ತಿರತ್ತೆ, ಈ ಆಟದಲ್ಲಿ ನಮ್ಮ ಮಗು ಓಡೋದನ್ನ ನಾವು ನೋಡೋದು ಒಟ್ಟು ಸೇರಿ ಒಂದು ನಿಮಿಷ ಇದ್ರೆ ಹೆಚ್ಚು. ಬೇರೆ ಎಷ್ಟೋ ರಾಜ್ಯಗಳಲ್ಲಿ 5 ಕಿಲೋಮೀಟರ್, ನಮ್ಮಲ್ಲಿ 3 ಮೈಲಿ, ಮರದ ಹಿಂದೆ ಹೋಗ್ತಾರೆ ದಿಬ್ಬದ ಆಚೆ ಇಳೀತಾರೆ. ಆವತ್ತು ನಾನು 2 ಮೈಲಿ ಗುರುತಿನ ಹತ್ರ ಕೂಗಿ, ಅಲ್ಲಿಂದ ಮೈದಾನ ಅಡ್ಡ ಹಾಯ್ದು ಓಡಿ ಬರೋಷ್ಟರಲ್ಲಿ ಫಿನಿಶ್ ಹತ್ರ ಮೂರು ಸಾಲು ಜನ, ಬರೀ ಬೆನ್ನುಗಳೇ ಕಾಣ್ತಿದ್ವು. ಅವಳು ಮುಗಿಸಿದ್ದು ನಂಗೆ ಕಾಣಲೇ ಇಲ್ಲ. ಹತ್ತು ನಿಮಿಷ ಬಿಟ್ಟು ಮುಖ ತೊಳ್ಕೊಂಡು ಜಾಕೆಟ್ ಹಾಕ್ಕೊಂಡು ಬಂದ್ಲು, ಹೇಗಾಯ್ತೇ ಅಂದ್ರೆ "ಪರ್ವಾಗಿಲ್ಲಮ್ಮ" ಅಂದ್ಲು, ಕಾರಲ್ಲಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕಣ್ಮುಚ್ಕೊಂಡ್ಲು. ಅಷ್ಟೇ.

ಭಾನುವಾರ ರಾತ್ರಿ ಲಿಂಕ್ ಬಂತು, ಬಿಬ್ ನಂಬರ್ (ಓಡುವಾಗ ಬನಿಯನ್ ಮೇಲೆ ಹಾಕೋ ಚೀಟಿಯ ನಂಬರ್) ಹಾಕಿದ ತಕ್ಷಣ ಅವಳ ನಾಲ್ಕು ಫೋಟೋ ಬಂದ್ವು, ಎಲ್ಲಾ ಗೆರೆಯ ಈಚೆಯವು. ಇನ್ನೂ ಸ್ವಲ್ಪ ಹುಡುಕಿದಾಗ ಗೆರೆಯ ಆಚೆಯವು ಏಳು ಸಿಕ್ವು. ಹೋದ ವರ್ಷ ಬೇರೆ ಸರ್ವೀಸ್‌ನೋರು ಬಂದಿದ್ರು, ಅವರು ಗಡಿಯಾರದ ಮುಂದೆ ನಿಂತು ತಲೆಗೊಂದರಂತೆ ಕ್ಲಿಕ್ ಮಾಡಿ, ಮೊದಲ ಐವತ್ತು ಜನ ಬಂದಾದ ಮೇಲೆ ಬ್ಯಾಗ್ ಕಟ್ಟಿದ್ರು. ಇವರಲ್ಲಿ ಒಬ್ಬರು ಗೆರೆಗೆ ಎದುರಾಗಿ ಕೂತಿದ್ರೆ ಇನ್ನೊಬ್ಬರು ಗೆರೆ ದಾಟಿದ ಮೇಲೆ ಬರೋ ಆ ಹಗ್ಗ ಕಟ್ಟಿದ ಓಣಿಯ ಪಕ್ಕ, ನೆಲಕ್ಕೆ ಹತ್ರವಾಗಿ. ನಿಜವಾದ ಫೋಟೋ ಎಲ್ಲಾ ಆ ಎರಡನೆಯವರದ್ದು.

ಮೊದಲನೇದ್ರಲ್ಲಿ ಮಗಳು ಗೆರೆಯಿಂದ ಇನ್ನೂ ದೂರ, ಬೆರಳೆಲ್ಲಾ ಅಗಲ ಬಿಟ್ಕೊಂಡಿದಾಳೆ, ಕಣ್ಣು ಗಡಿಯಾರದ ಮೇಲಿಲ್ಲ, ಮುಂದಿರೋ ಹಸಿರು ಬನಿಯನ್ ಹುಡುಗಿ ಬೆನ್ನಿನ ಮೇಲಿದೆ. ಗೆರೆ ದಾಟೋ ಫೋಟೋದಲ್ಲಿ ಇಬ್ಬರ ಮಧ್ಯೆ ಒಂದು ಹೆಜ್ಜೆ ಇದ್ರೆ ಹೆಚ್ಚು. ಅದರ ಮುಂದಿನದ್ರಲ್ಲಿ ಅವಳ ಬಲಗೈ ಎಡಗೈ ವಾಚ್ ಮೇಲೆ, ಅಳೋದಕ್ಕೂ ಮುಂಚೆ ವಾಚ್ ನಿಲ್ಸಿದಾಳೆ! ಆಮೇಲೆ ಮಂಡಿ ಮೇಲೆ ಕೈ, ಜೊಲ್ಲು, ಕೂದಲು ಕತ್ತಿಗೆ ಅಂಟಿದೆ, ಹಳದಿ ಜಾಕೆಟ್ ವಾಲಂಟಿಯರ್ ಒಬ್ಬರು ಬೆನ್ನಿಗೆ ಕೈ ಕೊಟ್ಟು ನಡಿ ನಡಿ ಅಂತಿದಾರೆ. ಅದು ಬರೀ ಓಣಿ ಖಾಲಿ ಮಾಡ್ಸೋಕಲ್ಲ. ಓಡುವಾಗ ಕಾಲಿನ ಸ್ನಾಯುಗಳೇ ರಕ್ತನ ಹೃದಯಕ್ಕೆ ವಾಪಸ್ ತಳ್ತಿರ್ತವೆ, ಗಕ್ಕನೆ ನಿಂತ್ರೆ ರಕ್ತ ಕಾಲಲ್ಲೇ ಉಳಿದು ಬಿಪಿ ಇಳಿದು ತಲೆ ಸುತ್ತಿ ಬೀಳ್ತಾರೆ, ಎಷ್ಟೋ ಮಕ್ಕಳು ಗೆರೆ ದಾಟಿದ ಮೇಲೇ ಕುಸಿಯೋದು ಅದಕ್ಕೇ.

ಆರನೇ ಫೋಟೋದಲ್ಲಿ ಅವಳು ಅಳ್ತಿದಾಳೆ. ನಂಗೆ ಹೇಳಿರಲಿಲ್ಲ.

ಯಾಕೆ ಅಂತ ರಿಸಲ್ಟ್ ಶೀಟ್ ನೋಡಿದ ಮೇಲೆ ಗೊತ್ತಾಯ್ತು. ಒಂದು ಟೀಮಿಂದ ಏಳು ಜನ ಓಡ್ತಾರೆ, ಮೊದಲು ಬಂದ ಐದು ಜನರ ಸ್ಥಾನ ಕೂಡಿಸ್ತಾರೆ, ಕಮ್ಮಿ ಬಂದ ಟೀಮ್ ಗೆದ್ದ ಹಾಗೆ, ಒಂದೇ ಟೀಮಿನವರು ಮೊದಲ ಐದೂ ಬಂದ್ರೆ 15. ನನ್ನ ಮಗಳು ನಮ್ಮ ಐದನೆಯವಳು. ಆ ಹಸಿರು ಹುಡುಗಿ ಅವರ ಐದನೆಯವಳು. ನಮ್ಮದು 114, ಅವರದು 112, ಮೂರನೇ ಸ್ಥಾನದ ಟ್ರೋಫಿ ಅವರಿಗೆ ಹೋಯ್ತು. ಅವಳೊಬ್ಬಳನ್ನ ದಾಟಿದ್ರೆ ನಮಗೆ ಒಂದು ಕಮ್ಮಿ ಅವರಿಗೆ ಒಂದು ಜಾಸ್ತಿ, 113ಕ್ಕೆ 113, ಆಗ ಆರನೆಯವರಲ್ಲಿ ಯಾರು ಮುಂದೆ ಅಂತ ನೋಡ್ತಾರೆ, ನಮ್ಮ ಆರನೆಯವಳು ಮುಂದಿದ್ಲು. ಈ ಲೆಕ್ಕ ಇವಳಿಗೆ ಓಡುವಾಗ ಹೇಗೆ ಗೊತ್ತಿರತ್ತೆ ಹೇಳಿ, ಆದ್ರೆ ಐದನೆಯವಳು ಅನ್ನೋದು ಗೊತ್ತಿತ್ತು, ಮುಂದೆ ಇರೋದು ಯಾವ ಬಣ್ಣ ಅನ್ನೋದು ಗೊತ್ತಿತ್ತು, ಹದಿನೈದು ವರ್ಷದ ಹುಡುಗಿ ಎದೆ ಮೇಲೆ ಅಷ್ಟು ಭಾರ ಸಾಕಲ್ವಾ.

ಕೊನೇದ್ರಲ್ಲಿ ಆ ಹಸಿರು ಹುಡುಗಿನೇ ಇವಳ ಮೊಣಕೈ ಹಿಡ್ಕೊಂಡಿದಾಳೆ. ಅವಳೂ ನೆಟ್ಟಗೆ ನಿಂತಿಲ್ಲ, ಯಾರು ಯಾರನ್ನ ಹಿಡ್ಕೊಂಡಿದಾರೆ ಅಂತ ಹೇಳೋಕಾಗಲ್ಲ. ಹೆಸರೂ ಗೊತ್ತಿಲ್ಲವಂತೆ.

ಇದಾದ ಮೇಲೆ ಉಳಿದ ಮಕ್ಕಳ ಫೋಟೋನೂ ಕೂತು ನೋಡಿದೆ, ರಾತ್ರಿ ಒಂದು ಗಂಟೆ ಆಗಿತ್ತು. ಮುಖ ನೋಡಿ ಎಷ್ಟನೆಯವರು ಅಂತ ಹೇಳೋಕೆ ಸಾಧ್ಯನೇ ಇಲ್ಲ ನೋಡಿ. ವಾರ್ಸಿಟಿ (ಸ್ಕೂಲಿನ ಮುಖ್ಯ ಟೀಮ್) ಹುಡುಗರಲ್ಲಿ ಮೊದಲು ಬಂದವನು ಏನೂ ಆಗದೋನ ಥರ ಹಗ್ಗಕ್ಕೆ ಒರಗಿ ಶೂ ನೋಡ್ತಾ ನಿಂತಿದಾನೆ, ಜೆವಿ (ಜೂನಿಯರ್ ವಾರ್ಸಿಟಿ, ಅಂದ್ರೆ ಎರಡನೇ ಟೀಮ್) ರೇಸಲ್ಲಿ ನೂರರ ಆಚೆ ಬಂದ ಒಬ್ಬ ಹುಡುಗ ಎರಡೂ ಕೈ ತಲೆ ಮೇಲಿಟ್ಕೊಂಡು ಗಡಿಯಾರದ ಕಡೆ ತಿರುಗಿ ನಗ್ತಿದಾನೆ, ಅವನ ಪಾಲಿಗೆ ಆವತ್ತಿನ ಟೈಮ್ ಏನೋ ದೊಡ್ಡದೇ ಆಗಿರ್ಬೇಕು. ಎಲ್ಲರಿಗಿಂತ ಕೊನೆಗೆ ಬಂದ ಹುಡುಗಿಗೂ ಒಂಬತ್ತು ಫೋಟೋ ಇದೆ, ಗೆದ್ದವಳಿಗೆ ಏಳು. ಅವಳ ಟೀಮಿನೋರೆಲ್ಲಾ ಹಗ್ಗದ ಮೇಲೆ ಬಗ್ಗಿ ಕೂಗ್ತಿದಾರೆ, ಅವಳ ಮುಖದಲ್ಲಿ ಸಂಕೋಚ, ಸಿಟ್ಟು, ಖುಷಿ ಎಲ್ಲಾ ಒಟ್ಟಿಗೆ. ಅಲ್ಲೀ ತನಕ ಆ ಫೋಟೋಗ್ರಾಫರ್ ಎದ್ದಿಲ್ಲ. ನಾನು ದುಡ್ಡು ಕೊಟ್ಟಿದ್ದು ಅದಕ್ಕೆ.

ಇನ್ನು ತಕರಾರು. ಬಿಬ್ ನಂಬರ್ ಓದೋದು ಸಾಫ್ಟ್‌ವೇರ್, ಮಕ್ಕಳು ಬಗ್ಗಿದ್ರೆ ಇಲ್ಲ ಅಪ್ಪಿಕೊಂಡ್ರೆ ನಂಬರ್ ಮುಚ್ಚಿಹೋಗತ್ತೆ, ಹಾಗಾಗಿ ಗೆರೆ ದಾಟಿದ ಮೇಲಿನ ಫೋಟೋ ಮುಕ್ಕಾಲು ಪಾಲು ಗುರುತು ಸಿಗದವು ಅನ್ನೋ ಫೋಲ್ಡರ್‌ಗೆ ಬಿದ್ದಿದ್ವು, ನಾನು ನಾನ್ನೂರು ಚಿಲ್ಲರೆ ಫೋಟೋ ತಿರುವಿ ಹಾಕಿ ಹುಡುಕಬೇಕಾಯ್ತು. ಎಷ್ಟೋ ಅಪ್ಪ ಅಮ್ಮಂದಿರು ಮೊದಲ ನಾಲ್ಕು ನೋಡಿ ಇಷ್ಟೇ ಅಂತ ಮುಚ್ಚಿರ್ತಾರೆ, ಅವರಿಗೆ ಆ ಫೋಲ್ಡರ್ ಇದೆ ಅಂತ ಮೇಲ್‌ನಲ್ಲೇ ಹೇಳಬೇಕಿತ್ತು. ಪ್ರಿಂಟ್ ಆರ್ಡರ್ ಮಾಡುವಾಗ ಅದು ತಾನಾಗೇ ಕ್ರಾಪ್ ಮಾಡ್ಕೊಂಡು ಆ ಹಿಡ್ಕೊಂಡಿರೋ ಕೈನೇ ಕತ್ತರಿಸಿತ್ತು, ಕಳಿಸೋ ಮುಂಚೆ ನೋಡಿದ್ದಕ್ಕೆ ಸರಿಹೋಯ್ತು.

ಇನ್ನೊಂದು, ಒಬ್ಬ ಹುಡುಗ ವಾಂತಿ ಮಾಡ್ತಿರೋ ಫೋಟೋ ಲಿಂಕ್ ಇರೋ ಯಾರು ಬೇಕಾದ್ರೂ ನೋಡೋ ಹಾಗೆ ಮಾರಾಟಕ್ಕೆ ಇಟ್ಟಿದ್ರು. ಮಗು ಅಳೋದು ಬೇರೆ ಇದು ಬೇರೆ. ಮೇಲ್ ಮಾಡಿದೆ, ಅರ್ಧ ಗಂಟೆಯಲ್ಲಿ ತೆಗೆದು ಸಾರಿ ಅಂತ ಬರೆದ್ರು, ಅದಕ್ಕೆ ಅವರ ಮೇಲೆ ಗೌರವ ಜಾಸ್ತಿನೇ ಆಯ್ತು. ಆದ್ರೂ ಹಾಕೋ ಮುಂಚೆ ಒಬ್ಬ ಮನುಷ್ಯ ಕೂತು ನೋಡ್ಬೇಕು ಕಣ್ರೀ, ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ.

ರೇಟು ಒಂದು ಫೋಟೋಗೆ 12 ಡಾಲರ್, ನಮ್ಮ ಮಗುವಿನದು ಎಲ್ಲಾ ಸೇರಿ 35. ಬಿಡಿಯಾಗಿ ತಗೋಬೇಡಿ, ಹನ್ನೊಂದನ್ನ ಸಾಲಾಗಿ ನೋಡಿದ್ರೇನೇ ಅದು. ಮಗಳಿಗೆ ತೋರಿಸಿದಾಗ ಅಳೋದನ್ನ ಡಿಲೀಟ್ ಮಾಡು ಅಂತಾಳೆ ಅನ್ಕೊಂಡಿದ್ದೆ, ಇವಳು ವಾಚ್ ನಿಲ್ಸೋ ಫೋಟೋನ ದೊಡ್ಡದು ಮಾಡಿ ಟೈಮ್ ಕಾಣತ್ತಾ ಅಂತ ನೋಡಿದ್ಲು. ಆಮೇಲೆ ಮೊಣಕೈ ಹಿಡ್ಕೊಂಡಿರೋದು ಎರಡು ಪ್ರಿಂಟ್ ಹಾಕ್ಸಮ್ಮ ಅಂದ್ಲು. ಮುಂದಿನ ಮೀಟ್‌ಗೆ ಆ ಸ್ಕೂಲೂ ಬರತ್ತಂತೆ.